ಬುತ್ತಿ ಡಬ್ಬಿಯಲ್ಲಿ ಹೋಗಿಬಂದ ಸೈಲೆನ್ಸರ್

ಅದು 2003ನೆಯ ಇಸವಿ. ನನಗಾಗ ನಲವತ್ತಮೂರು ವರ್ಷ. ಹೈದರಾಬಾದಿನ ಕನ್ನಡ ಮಾಧ್ಯಮದ ಶಾಲೆಯೊಂದರಲ್ಲಿ ಮೊದಲು ವಿಜ್ಞಾನವನ್ನೂ, ಪಂಡಿತರೊಬ್ಬರು ನಿವೃತ್ತರಾದ ಬಳಿಕ ವ್ಯಾಕರಣವನ್ನೂ ಕಲಿಸುತ್ತಿದ್ದವನು ನಾನು. ಕನ್ನಡದಲ್ಲಿ ಓದುವ ಮಕ್ಕಳು ಸಿಗದೆ ಆ ಶಾಲೆ ಮುಚ್ಚಿದಾಗ, ಕುಷಾಯಿಗೂಡದಲ್ಲಿದ್ದ ಅಕ್ಕನ ಮನೆಯ ಹಿಂದಿನ ಓಣಿಯಲ್ಲಿ ಎರಡು ಕೋಣೆ ಹಿಡಿದು ಮನೆಪಾಠಕ್ಕೆ ಕುಳಿತೆ. ಶಾಲೆಯಲ್ಲಿ ನನ್ನ ಮೇಲೆ ಎರಡು ದೂರುಗಳಿದ್ದವು: ಅಲ್ಪವಿರಾಮ ತಪ್ಪಿದರೂ ಅಂಕ ಕಳೆಯುತ್ತೇನೆ ಎಂಬುದು ಒಂದು, ಇಂಜಿನ್ನಿನ ಪಾಠವನ್ನು ಬೇಕಾದುದಕ್ಕಿಂತ ಹೆಚ್ಚು ದಿನ ಎಳೆಯುತ್ತೇನೆ ಎಂಬುದು ಇನ್ನೊಂದು. ಎರಡೂ ನಿಜ. ಅವು ದೂರುಗಳೆಂಬುದನ್ನು ಮಾತ್ರ ನಾನು ಇಂದಿಗೂ ಒಪ್ಪಿಲ್ಲ.

ಅಕ್ಕನ ಗಂಡ, ನನ್ನ ಭಾವ, ಊರಿನ ಇನ್ನೊಂದು ಮಗ್ಗುಲಿನ ದೊಡ್ಡ ಕಾರ್ಖಾನೆಯೊಂದರ ಸ್ಟೋರಿನಲ್ಲಿದ್ದವರು. ಸ್ವಯಂ ನಿವೃತ್ತಿಯ ಯೋಜನೆ ಬಂದಾಗ ಎಲ್ಲರಿಗಿಂತ ಮೊದಲು ಅರ್ಜಿ ಕೊಟ್ಟು ಹೊರಬಿದ್ದರು. ಇನ್ನು ಯಾವ ಗೇಟಿನಲ್ಲೂ ತಲೆ ತಗ್ಗಿಸಿ ಒಳಗೆ ಹೋಗುವುದಿಲ್ಲವೆಂದು ಅಂದೇ ಅಕ್ಕನ ಮುಂದೆ ಸಾರಿದರಂತೆ. ಆಮೇಲೆ ರಾಣಿಗಂಜಿನ ಅಂಗಡಿಯಿಂದ ಪೆಟ್ರೋಲಿನಲ್ಲಿ ನಡೆಯುವ ಮರ ಕೊಯ್ಯುವ ಯಂತ್ರವೊಂದನ್ನು, ಎಲ್ಲರೂ ಚೈನ್ ಸಾ ಎನ್ನುವುದನ್ನು, ಕೊಂಡುತಂದರು. ಮನೆ ಕಟ್ಟುವ ನಿವೇಶನಗಳಲ್ಲಿ ಬೆಳೆದು ನಿಂತ ಜಾಲಿ, ಸುಬಾಬುಲ್, ಗಾಳಿಮಳೆಗೆ ತಂತಿಯ ಮೇಲೆ ಒರಗಿದ ಬೇವಿನ ಕೊಂಬೆ, ಇವನ್ನು ಕೊಯ್ದು ತೆರವು ಮಾಡುವುದು ಅವರ ಹೊಸ ಉದ್ಯೋಗವಾಯಿತು. ಆ ವರ್ಷ ಅವರ ಹಳೆಯ ಕಾರ್ಖಾನೆಯ ನೌಕರರೇ ಕಟ್ಟಿಕೊಂಡಿದ್ದ ಗೃಹನಿರ್ಮಾಣ ಸಂಘವು ಮಣಿಕೊಂಡದಲ್ಲಿ ಜಮೀನು ಕೊಂಡು, ಅದನ್ನು ತೆರವು ಮಾಡುವ ಕೆಲಸವನ್ನು ಭಾವನಿಗೇ ವಹಿಸಿತ್ತು. ಬಂಡೆಗಳ ನಡುವೆ ಜಾಲಿ ತುಂಬಿದ ಆ ನೆಲ ಮುಗಿಯಲು ತಿಂಗಳುಗಳೇ ಬೇಕಿದ್ದವು. ಅಕ್ಕನ ಮನೆ ನಿಂತಿದ್ದುದು ಆ ಒಂದು ಕೆಲಸದ ಮೇಲೆ, ಆ ಕೆಲಸ ನಿಂತಿದ್ದುದು ಆ ಒಂದು ಯಂತ್ರದ ಮೇಲೆ.

ಸಂಘದಲ್ಲಿ ಜಮೀನಿನ ಉಸ್ತುವಾರಿ ಹೊತ್ತವರು ನಮ್ಮ ಓಣಿಯವರೇ ಆದ ಒಬ್ಬ ಫೋರ್ಮನ್ನರು. ಅದೇ ಕಾರ್ಖಾನೆಯ ಟೂಲ್ ರೂಮಿನಲ್ಲಿ ಲೇತು, ಡ್ರಿಲ್ಲುಗಳ ನಡುವೆ ಕೂದಲು ಹಣ್ಣು ಮಾಡಿಕೊಂಡವರು. ಬಾಗಲಕೋಟೆಯ ಕಡೆಯವರು, ಎತ್ತರದ ಆಳು, ಎತ್ತರದ ದನಿ. ಓಣಿಯ ಯಾವ ಮನೆಯಲ್ಲಿ ಯಾವ ಯಂತ್ರ ಕೆಟ್ಟರೂ ಅವರಿಗೆ ಕರೆ ಹೋಗುತ್ತಿತ್ತು. ಕರೆ ಹೋಗದಿದ್ದರೆ ಅವರೇ ಬರುತ್ತಿದ್ದರು. ಅವರ ಮಾತಿನಲ್ಲಿ ನಾನು ಗಮನಿಸಿದ ವಿಶೇಷವೊಂದಿತ್ತು. ಓಣಿಯಲ್ಲಿ ಆದ ಕೆಲಸ, ಕೆಟ್ಟ ಯಂತ್ರದ ಮಾತು ಬಂದರೆ ವಾಕ್ಯಗಳಲ್ಲಿ ಕರ್ತೃವೇ ಇರುತ್ತಿರಲಿಲ್ಲ. 'ತೂತು ಬಿತ್ತು', 'ಕೆಲಸ ಆತು', 'ಮೋಟರ್ ಹೋತು' ಎನ್ನುವರು. ತೂತು ಯಾರು ಹಾಕಿದರು, ಮೋಟರು ಯಾರ ಕೈಯಲ್ಲಿ ಹೋಯಿತು ಎಂಬುದು ಕೇಳುವವರ ಊಹೆಗೆ ಬಿಟ್ಟದ್ದು. ಒಂಬತ್ತನೆಯ ತರಗತಿಯ ಹುಡುಗ ಹೀಗೆ ಬರೆದಿದ್ದರೆ ನಾನು ಕೆಂಪು ಗೆರೆ ಎಳೆಯುತ್ತಿದ್ದೆ; ಓಣಿ ಇವರಿಗೆ ನಮಸ್ಕಾರ ಮಾಡುತ್ತಿತ್ತು.

ದಸರೆಗೆ ಸ್ವಲ್ಪ ಮೊದಲು ಯಂತ್ರ ಸೊರಗಿತು. ಹೊತ್ತಿಕೊಳ್ಳುತ್ತಿತ್ತು, ಆದರೆ ಮರಕ್ಕೆ ಇಟ್ಟೊಡನೆ ದನಿ ಕುಗ್ಗಿ ಏದುಸಿರು ಬಿಡುತ್ತಿತ್ತು. ಕಾರಣ ನನಗೆ ನೋಡದೆಯೇ ತಿಳಿದಿತ್ತು. ಇಂಥ ಇಂಜಿನ್ನಿಗೆ ಎಣ್ಣೆಗೆಂದು ಬೇರೆ ಹೊಟ್ಟೆಯಿಲ್ಲ. ಪೆಟ್ರೋಲಿನಲ್ಲೇ ಎಣ್ಣೆ ಬೆರೆಸಿ ಹಾಕಬೇಕು. ಭಾವ ಧಾರಾಳಿ. ಎಣ್ಣೆ ಹೆಚ್ಚಾದಷ್ಟೂ ಇಂಜಿನ್ನು ತಂಪಾಗಿರುತ್ತದೆಂದು ನಂಬಿ, ಮದುವೆಮನೆಯಲ್ಲಿ ತುಪ್ಪ ಬಡಿಸುವವರಂತೆ ಸುರಿಯುತ್ತಿದ್ದರು. ಸುಡದೆ ಉಳಿದ ಎಣ್ಣೆ ಮಸಿಯಾಗಿ ಸೈಲೆನ್ಸರಿನ ಬಾಯಲ್ಲಿರುವ ಸಣ್ಣ ಜಾಲರಿಗೆ ಕಟ್ಟಿಕೊಂಡಿತ್ತು. ಈ ಊರಿನಲ್ಲಿ ಹಳೆಯ ಸ್ಕೂಟರಿನ ಸೈಲೆನ್ಸರನ್ನು ವರ್ಷಕ್ಕೊಮ್ಮೆ ಬೆಂಕಿಗೆ ಹಿಡಿದು ಮಸಿ ಸುಡದವರು ಯಾರಿದ್ದಾರೆ? ಇದಕ್ಕೂ ಅದೇ ಮದ್ದು. ಜಾಲರಿಯನ್ನು ಬಿಚ್ಚಿ, ಸುಟ್ಟು, ತಂತಿ ಬ್ರಷ್ಷಿನಿಂದ ಉಜ್ಜಿದರೆ ಮುಗಿಯಿತು. ಜೊತೆಗೆ ಎಣ್ಣೆಯನ್ನು ಅಳೆದು ಹಾಕಬೇಕು. ಹಾಗೆಂದು ಅಕ್ಕನ ಮನೆಯ ಜಗಲಿಯಲ್ಲಿ ಹೇಳಿದೆ. ಫೋರ್ಮನ್ನರು ಅಷ್ಟರಲ್ಲಿ ಬಂದು ಯಂತ್ರವನ್ನು ತೊಡೆಯ ಮೇಲೆ ಮಲಗಿಸಿಕೊಂಡಾಗಿತ್ತು.

"ಮಾಸ್ತರ್ರ, ಇದಕ್ಕ ಉಸಿರು ಕಟ್ಟೇತ್ರಿ. ನಿಮ್ಮ ಬಾಯಿಗೆ ವಸ್ತ್ರ ಕಟ್ಟಿ ಚಾರ್‌ಮಿನಾರ್ ತನಕಾ ಓಡ್ರಿ ಅಂದ್ರ ಓಡ್ತೀರೇನು?"

"ವಸ್ತ್ರ ಬಿಚ್ಚಿದ್ರ ಸಾಕಲ್ಲರಿ. ಬಾಯಿ ಕೊಯ್ದು ದೊಡ್ಡದು ಮಾಡಬೇಕೇನು?" ಎಂದೆ.

ಅವರು ಭಾವನ ಕಡೆ ತಿರುಗಿ ಕಣ್ಣು ಮಿಟುಕಿಸಿದರು. "ನಿಮ್ಮ ಮೈದುನ್ರು ಪುಸ್ತಕದ ಮಂದಿ ನೋಡ್ರಿ. ಕಂಪನಿಯವ್ರು ಪರದೇಶದ ಕಾನೂನಿಗೆ ಅಂಜಿ ಇದರ ಬಾಯಿ ಹೊಲದು ಕಳಿಸ್ಯಾರ. ಸೈಲೆನ್ಸರ್ ಬಿಚ್ಚಿ ಕೊಡ್ರಿ ನನ್ನ ಕೈಯಾಗ. ಎರಡು ತೂತು, ಒಂದು ಪೈಪು. ಆಮ್ಯಾಲ ನೋಡ್ರಿ ಹುಲಿ ಹ್ಯಾಂಗ ಒದರತೈತಿ."

ಹುಲಿ ಎಂಬ ಮಾತು ಬಿದ್ದಮೇಲೆ ಭಾವ ನನ್ನ ಪಾಲಿಗೆ ಇರಲಿಲ್ಲ.

ಇಲ್ಲಿ ಓಣಿಯ ಪದ್ಧತಿಯೊಂದನ್ನು ಹೇಳಬೇಕು. ನಮ್ಮವರ ಮನೆಗಳಲ್ಲಿ ಮುರಿದದ್ದು ಯಾವುದೂ ಬಜಾರಿನ ರಿಪೇರಿ ಅಂಗಡಿಗೆ ಹೋಗುತ್ತಿರಲಿಲ್ಲ. ಬುತ್ತಿ ಡಬ್ಬಿಯಲ್ಲಿ ಕಾರ್ಖಾನೆಗೆ ಹೋಗುತ್ತಿತ್ತು. ಗೇಟಿನ ಕಾವಲುಗಾರ ಡಬ್ಬಿಯ ಮೇಲಿನ ಅಂತಸ್ತನ್ನಷ್ಟೇ ತೆರೆದು ನೋಡುತ್ತಿದ್ದ. ಶೇಂಗಾ ಚಟ್ನಿಯ ವಾಸನೆ ಬಂದರೆ ಬಿಟ್ಟುಬಿಡುತ್ತಿದ್ದ. ಆದ್ದರಿಂದ ಮೇಲೆ ಚಟ್ನಿ, ಅದರ ಕೆಳಗೆ ಪಲ್ಯ, ಅದರ ಕೆಳಗೆ ರೊಟ್ಟಿ, ತಳದಲ್ಲಿ ಮಿಕ್ಸರಿನ ಬ್ಲೇಡು, ಕುಕ್ಕರಿನ ಹಿಡಿಕೆ, ಹೊಲಿಗೆ ಯಂತ್ರದ ಚಕ್ರ. ಒಬ್ಬರ ಮನೆಯ ದೇವರ ಪ್ರಭಾವಳಿ ಎರಡು ತುಂಡಾಗಿ ಹೋಗಿ, ಬೆಸುಗೆಯಾಗಿ, ಒಂದೇ ತುಂಡಾದ ಮೇಲೆ ಡಬ್ಬಿಯಲ್ಲಿ ಹಿಡಿಸದೆ ಬಹಳ ದಿನ ಟೂಲ್ ರೂಮಿನಲ್ಲೇ ಪೂಜೆಗೊಂಡಿತಂತೆ. ಇದನ್ನು ಯಾರೂ ಕಳ್ಳತನವೆಂದು ತಿಳಿದಿರಲಿಲ್ಲ. ನೌಕರಿಯ ಜೊತೆಗೆ ಬಂದ ಅನುಕೂಲವೆಂದೇ ತಿಳಿದಿದ್ದರು. ನನ್ನ ತಿರಸ್ಕಾರಕ್ಕೆ ಕಾರಣ ಆ ನೀತಿಯಲ್ಲ, ಅದರಿಂದ ಬೆಳೆದ ಬುದ್ಧಿ. ಡಬ್ಬಿಯಲ್ಲಿ ಹಿಡಿಸುವ ಭಾಗದಲ್ಲೇ ದೋಷವಿರುತ್ತದೆ, ಹಿಡಿಸದ ಭಾಗ ಸರಿಯಾಗಿಯೇ ಇರುತ್ತದೆ ಎಂದು ಆ ಜನ ಮನಃಪೂರ್ವಕ ನಂಬಿದ್ದರು.

ಸೈಲೆನ್ಸರು ಅಂಗೈಯಗಲದ ತಗಡಿನ ಪೆಟ್ಟಿಗೆ. ಡಬ್ಬಿಯ ತಳಕ್ಕೆ ಹೇಳಿ ಮಾಡಿಸಿದಂತಿತ್ತು. ಫೋರ್ಮನ್ನರ ಡಬ್ಬಿ ಚಿಕ್ಕದೆಂದು ಅಕ್ಕನ ಡಬ್ಬಿಯನ್ನೇ ತೆಗೆದರು. ಬೇಗಂ ಬಜಾರಿನಿಂದ ತಂದ ನಾಲ್ಕು ಅಂತಸ್ತಿನ ಆ ಸ್ಟೀಲ್ ಡಬ್ಬಿ ಭಾವನ ನಿವೃತ್ತಿಯ ಬಳಿಕ ಅಟ್ಟ ಸೇರಿತ್ತು. ಡಬ್ಬಿ ನಮ್ಮದಾದ ಮೇಲೆ ಬುತ್ತಿಯೂ ನಮ್ಮದೇ ಆಯಿತು. ಅಕ್ಕ ನಸುಕಿನಲ್ಲೆದ್ದು ಜೋಳದ ರೊಟ್ಟಿ ಬಡಿದು, ಎಣ್ಣೆಗಾಯಿ ಮಾಡಿ, ಫೋರ್ಮನ್ನರಿಗೆ ಕಟ್ಟಿಕೊಡಲಾರಂಭಿಸಿದಳು.

ಆ ಮೊದಲ ಬೆಳಗ್ಗೆಯೇ ನಾನು ಕಾರ್ಖಾನೆಯ ಬಸ್ಸು ನಿಲ್ಲುವಲ್ಲಿಗೆ ಹೋಗಿ ತಡೆದೆ. ಹೇಳಬೇಕಾದುದನ್ನು ಪಾಠದಂತೆಯೇ ಹೇಳಿದೆ. ಹೊಗೆ ಹೊರಗೆ ಹೋಗುವ ದಾರಿ ಅಗಲವಾದರೆ ಒಳಗೆ ಗಾಳಿ ಹೆಚ್ಚು ಬರುತ್ತದೆ. ಗಾಳಿ ಹೆಚ್ಚಿದಷ್ಟು ಪೆಟ್ರೋಲನ್ನೂ ಹೆಚ್ಚಿಸದಿದ್ದರೆ ಮಿಶ್ರಣ ತೆಳುವಾಗುತ್ತದೆ. ತೆಳು ಮಿಶ್ರಣ ಹೆಚ್ಚು ಬಿಸಿಯಾಗಿ ಉರಿಯುತ್ತದೆ. ಪೆಟ್ರೋಲಿನ ಜೊತೆಗೇ ಬರುವ ಎಣ್ಣೆಯೂ ಸಾಲದಾಗುತ್ತದೆ. ಆದ್ದರಿಂದ ಸೈಲೆನ್ಸರನ್ನು ಕೊರೆಯುವುದೇ ಆದರೆ ಕಾರ್ಬುರೇಟರಿನ ತಿರುಪನ್ನೂ ಬಿಚ್ಚಿ ಪೆಟ್ರೋಲು ಹೆಚ್ಚು ಬರುವಂತೆ ಮಾಡಬೇಕು. ಇವೆರಡೂ ಸೇರಿಯೇ ಒಂದು ಕೆಲಸ.

"ಹಂಗಂದ್ರ ಕಾರ್ಬುರೇಟರನ್ನೂ ಡಬ್ಬ್ಯಾಗ ಇಡಾಕ ಹೇಳ್ತೀರೇನು?" ಎಂದು ಫೋರ್ಮನ್ನರು ಬಸ್ಸಿನ ಜನಕ್ಕೆಲ್ಲ ಕೇಳುವಂತೆ ನಕ್ಕರು. "ಪೆಟ್ರೋಲ್ ವಾಸನಿ ಬಂದ್ರ ಗೇಟಿನ್ಯಾಗ ಹಿಡೀತಾರ್ರಿ. ಮತ್ತ ಕಂಪನಿಯವ್ರು ಕುಂಡ್ರಿಸಿದ ತಿರುಪ ಅದು. ಕಂಪನಿ ಸೆಟ್ಟಿಂಗ್ ಮುಟ್ಟಬಾರದು, ಮಾಸ್ತರ್ರ."

ಕಂಪನಿಯವರು ಕೂರಿಸಿದ ಸೈಲೆನ್ಸರು ಆ ಹೊತ್ತಿನಲ್ಲಿ ಅವರ ಕೈಯ ಡಬ್ಬಿಯೊಳಗೆ ರೊಟ್ಟಿಯ ಕೆಳಗಿತ್ತು. ಒಂದೇ ಕಂಪನಿ ಹಿಂದಿನ ಸಂಜೆ ಅಂಜುಬುರುಕ, ಮರುದಿನ ಬೆಳಗ್ಗೆ ಸರ್ವಜ್ಞ. ಈ ವಿರೋಧ ಬಸ್ಸಿನಲ್ಲಿದ್ದ ಒಬ್ಬರಿಗೂ ಕಾಣಲಿಲ್ಲ.

ಸೈಲೆನ್ಸರು ಮರಳಿದ್ದು ಖಂಡೆ ಪೂಜೆಯ, ಎಂದರೆ ಆಯುಧಪೂಜೆಯ, ಮುನ್ನಾದಿನ. ಕೆಲಸ ಅಚ್ಚುಕಟ್ಟಾಗಿತ್ತು, ಅಲ್ಲಗಳೆಯಲಾರೆ. ಅಂಚು ಉಜ್ಜಿ ನುಣುಪು ಮಾಡಿದ ಎರಡು ತೂತುಗಳು, ಅವಕ್ಕೆ ಬೆಸೆದ ಹೊಳೆಯುವ ಮೋಟು ಕೊಳವೆ. ನವಮಿಯ ದಿನ ಅಕ್ಕನ ದೇವರ ಮನೆಯ ಮುಂದೆ ಮಣೆ ಹಾಕಿ ಯಂತ್ರವನ್ನಿಟ್ಟು, ವಿಭೂತಿ ಎಳೆದು, ಚೆಂಡುಹೂ ಏರಿಸಿದರು. ಆ ಕೊಳವೆಗೆ ಪ್ರತ್ಯೇಕವಾಗಿ ಕುಂಕುಮ. ಫೋರ್ಮನ್ನರು ತಾವು ಕಿತ್ತುಹಾಕಿದ ಹಳೆಯ ಜಾಲರಿಯನ್ನು ಕಾಗದದಲ್ಲಿ ಸುತ್ತಿ ತಂದಿದ್ದರು. ಪ್ರಸಾದದ ಜೊತೆಗೆ ಅದನ್ನೂ ಎಲ್ಲರ ಕೈಗೆ ಕೊಟ್ಟು ತೋರಿಸಿದರು.

"ನೋಡ್ರಿ, ಹೆಂಗ್ ಕಟ್ಟೇತಿ! ಎಣ್ಣಿ ಜಿಡ್ಡು, ಡಾಂಬರ್ ಆದಂಗ ಆಗೇತಿ. ಒಂದ್ ಹನಿ ಉಸಿರು ಹೊರಗ ಹೋಗತಿದ್ದಿಲ್ಲ."

ಜಾಲರಿಯನ್ನು ನಾನೂ ಕೈಯಲ್ಲಿ ಹಿಡಿದು ನೋಡಿದೆ. ಕಂಡದ್ದು ಮನಸ್ಸಿನಲ್ಲಿ ಉಳಿಯಿತು. ಅಂಟಿದ ಕಪ್ಪೂ ಬೆರಳಿನಿಂದ ಬೇಗ ಹೋಗಲಿಲ್ಲ.

ಮರುದಿನ ಬನ್ನಿ ಹಂಚಿಕೊಂಡು, "ಬಂಗಾರದಂಗ ಇರೋಣ್ರಿ" ಎಂದು ಒಬ್ಬರನ್ನೊಬ್ಬರು ತಬ್ಬಿಕೊಂಡ ಮೇಲೆ ಭಾವ ಅಂಗಳದಲ್ಲಿ ಯಂತ್ರ ಹೊತ್ತಿಸುವ ಹಗ್ಗ ಎಳೆದರು. ಎದುರು ಮನೆಯ ಕಿಟಕಿಯ ಗಾಜು ಅದುರಿತು. ಜೋಳಿಗೆಯಲ್ಲಿದ್ದ ಕೂಸು ಅಳತೊಡಗಿತು. ನೆರೆದ ಗಂಡಸರ ಮುಖದಲ್ಲಿ ಮೂಡಿದ ಧನ್ಯತೆಯನ್ನು ನಾನು ಬೇರಾವ ಪೂಜೆಯಲ್ಲೂ ಕಂಡಿಲ್ಲ.

"ಏನ್ ಆವಾಜ್ ರೀ!"

"ಮೊದಲ ಆಡು, ಈಗ ಹುಲಿ!"

"ಫೋರ್ಮನ್ನರ ಕೈಗುಣ ಅಂದ್ರ ಸುಮ್ಮನ ಅಲ್ಲ."

ದಿನವೆಲ್ಲ ಯಂತ್ರಗಳ ನಡುವೆ ದುಡಿಯುವ ಜನ ಇವರು. ಅಳತೆಪಟ್ಟಿಯಿಲ್ಲದೆ ಒಂದು ಮೊಳೆಯನ್ನೂ ಮುಟ್ಟದವರೆಂದು ಹೇಳಿಕೊಳ್ಳುವವರು. ಆದರೂ ಸದ್ದು ಜೋರಾದರೆ ಕಸುವು ಜೋರಾಯಿತೆಂದು ತಿಳಿಯಲು ಅವರಿಗೆ ಯಾವ ಅಳತೆಯೂ ಬೇಕಾಗಲಿಲ್ಲ. ಮದುವೆಯ ಬ್ಯಾಂಡಿನಲ್ಲಿ ಡೋಲು ಹೊತ್ತವನನ್ನೇ ಸಂಗೀತಗಾರನೆಂದು ಕೊಂಡಾಡುವ ಕಿವಿಗಳು ಅವು.

ಯಂತ್ರ ಮೊದಲಿಗಿಂತ ಬೇಗ ಕೊಯ್ಯುತ್ತಿತ್ತೆಂಬುದು ನಿಜ. ಕಟ್ಟಿದ ಜಾಲರಿ ಹೋದ ಮೇಲೆ ಕೊಯ್ಯದೆ ಏನು ಮಾಡೀತು? ಮಣಿಕೊಂಡಕ್ಕೆ ರಜೆಯ ದಿನಗಳಲ್ಲಿ ನಾನೂ ಭಾವನೊಡನೆ ಹೋಗುತ್ತಿದ್ದೆ. ಅಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ಕೈ ಸಡಿಲಿಸಿದಾಗ ಇಂಜಿನ್ನಿನ ಓಟ ಕೂಡಲೇ ಇಳಿಯುತ್ತಿರಲಿಲ್ಲ. ಹೇಳಿದ ಮಾತು ಕೇಳದ ಮಗುವಿನಂತೆ ಒಂದಷ್ಟು ಹೊತ್ತು ತನ್ನಷ್ಟಕ್ಕೆ ಚೀರುತ್ತಿತ್ತು. ಊಟದ ಬಿಡುವಿನಲ್ಲಿ ಕಿಡಿ ಹೊತ್ತಿಸುವ ಪ್ಲಗ್ಗು ಬಿಚ್ಚಿ ನೋಡಿದೆ. ಕಂದು ಬಣ್ಣವಿರಬೇಕಾದ ತುದಿ ಸುಣ್ಣ ಬಳಿದಂತೆ ಬಿಳಿಚಿಕೊಂಡಿತ್ತು. ಭಾವನಿಗೆ ತೋರಿಸಿದೆ.

"ಭಾವ, ಇದು ಒಳಗೊಳಗ ಸುಡಾಕತ್ತೈತಿ. ತಿರುಪು ಚೂರು ಬಿಚ್ಚಿಕೊಡ್ತೀನಿ, ಸರಿ ಹೋಗತೈತಿ."

"ಏ ಮಾಸ್ತರಾ, ನಿನ್ನ ಕೆಂಪು ಪೆನ್ನು ಕಿಸೆದಾಗ ಇಟ್ಕೋ ಮಾರಾಯಾ. ಹುಲಿ ಓಡಾಕತ್ತಾಗ ಅದರ ಬಾಲ ಯಾಕ ಜಗ್ಗತೀ?" ಎಂದು ರೊಟ್ಟಿ ಮುರಿದರು. "ಫೋರ್ಮನ್ನರು ಮುಟ್ಟಬ್ಯಾಡ ಅಂದಾರ, ಅಷ್ಟ."

ಕಾರ್ಖಾನೆಯ ಗೇಟಿನಿಂದ ಹೊರಗೆ ಬಂದು ವರ್ಷಗಳಾದರೂ ಆ ಮನುಷ್ಯನೊಳಗೆ ಫೋರ್ಮನ್ನರ ಮಾತು ಇನ್ನೂ ಹುಕುಮಾಗಿಯೇ ಇತ್ತು. ನಾನು ಪ್ಲಗ್ಗನ್ನು ಒರೆಸಿ ಸ್ವಸ್ಥಾನದಲ್ಲಿ ಕೂರಿಸಿದೆ.

ದೀಪಾವಳಿ ಕಳೆದು ಹಲವು ದಿನಗಳಾಗಿದ್ದವು. ದಪ್ಪ ಬುಡದ ಜಾಲಿಯೊಂದಕ್ಕೆ ಯಂತ್ರವನ್ನು ಪೂರ್ತಿ ಒತ್ತಿ ಹಿಡಿದಿದ್ದಾಗ ಅದರ ಸ್ವರ ಮೇಲೇರಿತು, ಇನ್ನೂ ಮೇಲೇರಿತು, ಸೀಳಿದ ಕೀರಲಾಯಿತು, ಅಲ್ಲಿಗೇ ನಿಂತಿತು. ಭಾವ ಹಗ್ಗ ಎಳೆದರು. ಹಗ್ಗ ಅಲ್ಲಾಡಲಿಲ್ಲ. ಕೊಂಬೆ ಹೊರುತ್ತಿದ್ದ ಇಬ್ಬರು ಕೂಲಿಯವರು ಹತ್ತಿರ ಬಂದು ಏನಾಯಿತೆಂದು ತೆಲುಗಿನಲ್ಲಿ ಕೇಳಿದರು.

"ಏಮೈಂದಿ ಸಾರೂ?"

"ಅಯಿಪೋಯಿಂದಿ," ಎಂದರು ಭಾವ. ಮುಗಿದುಹೋಯಿತು ಎಂದು. ಅವರ ಕೈಗಳು ಮಾತ್ರ ಹಗ್ಗದ ಹಿಡಿಯನ್ನು ಬಿಡಲಿಲ್ಲ.

ಆ ಸಂಜೆ ಫೋರ್ಮನ್ನರು ಬಂದು, ಯಂತ್ರವನ್ನು ಒಮ್ಮೆ ಅಲುಗಿಸಿ ನೋಡಿ, ತೀರ್ಪು ಕೊಟ್ಟರು. ಕೆಟ್ಟ ಯಂತ್ರದ ಬಗೆಗಿನ ಅವರ ವಾಕ್ಯದಲ್ಲಿ ಅಂದು ಮೊಟ್ಟಮೊದಲ ಬಾರಿಗೆ ಕರ್ತೃ ಪ್ರತ್ಯಕ್ಷವಾಯಿತು.

"ನೀವು ಎಣ್ಣಿ ಹಾಕಿಲ್ಲರಿ. ಬರೇ ಪೆಟ್ರೋಲ್‌ದಾಗ ಓಡಿಸೀರಿ. ನೀವ ಸುಟ್ಟೀರಿ ಅದನ್ನ."

ಎಣ್ಣೆಯಲ್ಲಿ ಅತಿ ಮಾಡಿ ಜಾಲರಿ ಕಟ್ಟಿಸಿದ ಭಾವ, ಎಣ್ಣೆ ಹಾಕದ ಜಿಪುಣನೆಂದು ತಮ್ಮ ಜಗಲಿಯಲ್ಲೇ ಕರೆಸಿಕೊಂಡರು.

ವಾರದೊಳಗೆ ಅದು ಓಣಿಯ ಅಭಿಪ್ರಾಯವಾಯಿತು, ಅದರ ಬೆನ್ನಿಗೆ ಸಂಘದ ಅಭಿಪ್ರಾಯವೂ ಆಯಿತು. ಎಣ್ಣೆ ಬೆರೆಸಲು ಬಾರದವರ ಕೈಗೆ ಜಮೀನಿನ ಕೆಲಸ ಬೇಡ, ವರ್ಷ ಮುಗಿಯುವುದರೊಳಗೆ ಬೇರೆಯವರನ್ನು ನೋಡೋಣ ಎಂದು ಫೋರ್ಮನ್ನರೇ ಸಭೆಯಲ್ಲಿ ಹೇಳಿದರು. ಹೀಗೆ ಕೈಬಿಟ್ಟವರೇ ಕೈ ಹಿಡಿಯಲೂ ಬಂದರು. ಅವರ ದಯೆ ನನಗೆ ಅವರ ಕೋಪಕ್ಕಿಂತ ಹೆಚ್ಚು ಹೇಸಿಗೆ ಹುಟ್ಟಿಸಿತು. ಕಾರ್ಖಾನೆಯ ಗೇಟಿನ ಕಾವಲಿಗೆ ಕಂತ್ರಾಟುದಾರನೊಬ್ಬ ಜನ ತೆಗೆದುಕೊಳ್ಳುತ್ತಿದ್ದಾನೆ, ತಾವೇ ಮಾತಾಡಿದ್ದಾಗಿದೆ, ಭಾವ ಹೊಸ ವರ್ಷದಿಂದ ಬರಬಹುದು ಎಂದರು. ಎರಡು ದಿನ ಬಿಟ್ಟು ಖಾಕಿ ಅಂಗಿ, ಖಾಕಿ ಪ್ಯಾಂಟು, ಒಂದು ಸೀಟಿ ಮನೆಗೆ ಬಂದವು.

ಅಕ್ಕ ಅವನ್ನು ಮಡಿಕೆ ಬಿಚ್ಚದೆ ಹೊಲಿಗೆ ಯಂತ್ರದ ಮೇಲಿಟ್ಟಳು. ನಾನು ಹೋದಾಗ ಭಾವ ಹೊರಗೆಲ್ಲೋ ಹೋಗಿದ್ದರು.

"ನೋಡು ತಮ್ಮಾ," ಎಂದಳು, ದನಿ ಏರಿಸದೆ. "ಸ್ಟೋರ್‌ದಾಗ ಬಾಬು ಆಗಿ ಇದ್ದ ಮನಷ್ಯಾ ಅದ ಗೇಟಿನ್ಯಾಗ ಸೀಟಿ ಹಿಡಕೊಂಡು ನಿಂದ್ರಬೇಕಾ? ಸಂಗಾಟ ಕೆಲಸ ಮಾಡಿದವ್ರ ಡಬ್ಬಿ ತಗದು ಮೂಸಿ ನೋಡಬೇಕಾ? ಅವ್ರು ಹೂಂ ಅನ್ನಾಕತ್ತಾರ. ಮಷೀನು ತಾನ ಕೆಡಿಸೀನಿ ಅಂತ ಅವರಿಗೂ ಅನಸಾಕತ್ತೈತಿ."

"ಅವರು ಕೆಡಿಸಿಲ್ಲಕ್ಕಾ."

"ಅದು ನನಗ ಹೇಳಿದ್ರ ಏನ್ ಬಂತು? ಮಂದಿ ಮುಂದ ಹೇಳು. ಅವರ ಮುಂದ ಹೇಳು."

ಹೇಳಿದರೆ ಕೇಳುವ ಮಂದಿಯಲ್ಲ, ತೋರಿಸಬೇಕಿತ್ತು. ಮುಂದಿನ ಭಾನುವಾರ ಬೆಳಗ್ಗೆ ಅಕ್ಕನ ಅಂಗಳದಲ್ಲಿ ಹಳೆಯ ಚಾದರ ಹಾಸಿ, ಯಂತ್ರವನ್ನಿಟ್ಟು, ಓಣಿಯ ಗಂಡಸರನ್ನೂ ಫೋರ್ಮನ್ನರನ್ನೂ ಚಹಾಕ್ಕೆ ಕರೆದೆ. ಚಹಾ ಎಂದರೆ ಎಲ್ಲರೂ ಬರುತ್ತಾರೆ. ಯಂತ್ರದ ಜೊತೆಗೆ ಬಂದ ಸ್ಪ್ಯಾನರುಗಳಿಂದಲೇ ಸಿಲಿಂಡರನ್ನು ಬಿಚ್ಚಿ ಮೇಲಕ್ಕೆತ್ತಿ, ಪಿಸ್ಟನ್ನನ್ನು ಬಿಸಿಲಿಗೆ ಹಿಡಿದೆ. ಹೊಗೆ ಹೋಗುವ ಬದಿಯಲ್ಲಿ ಮೇಲಿಂದ ಕೆಳಕ್ಕೆ ಉಗುರಿನಿಂದ ಗೀಚಿದಂತೆ ಆಳವಾದ ಗೀರುಗಳಿದ್ದವು; ಲೋಹ ಕರಗಿ ಉಜ್ಜಿಹೋಗಿತ್ತು. ಆಚೆ ಬದಿಗೆ ತಿರುಗಿಸಿದೆ. ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಆಮೇಲೆ ಕೆಳಗಿನ ಕುಹರದಲ್ಲಿ ಬೆರಳು ತಿರುವಿ, ಬೆರಳನ್ನು ಎಲ್ಲರಿಗೂ ತೋರಿಸಿದೆ. ಅದು ಎಣ್ಣೆಯಲ್ಲಿ ನೆಂದಿತ್ತು.

"ಎಣ್ಣಿ ಇಲ್ಲದ ಸುಟ್ಟಿದ್ರ ಸುತ್ತಾ ಗೀರು ಬೀಳತಿದ್ದುವು. ಕೆಳಗ ಒಣಗಿರತಿತ್ತು," ಎಂದೆ. "ಒಂದ ಬದಿ ಸುಟ್ಟೈತಿ. ಬಿಸಿ ಹೊಗಿ ಹೋಗೋ ಬದಿ. ಮಿಶ್ರಣ ತೆಳುವಾಗಿ ಅಲ್ಲಿ ಕಾವು ತಡೀಲಿಕ್ಕೆ ಆಗಿಲ್ಲ."

ಫೋರ್ಮನ್ನರು ಪಿಸ್ಟನ್ನಿನ ಕಡೆ ನೋಡದೆ ಬಸಿಯಲ್ಲಿ ಚಹಾ ಆರಿಸಿಕೊಂಡರು. "ಒಂದ್ ದಿನ ಮರತಿರತಾರ್ರಿ ಎಣ್ಣಿ. ಒಂದ್ ದಿನ ಸಾಕು."

"ಖಂಡೇ ಪೂಜಿ ದಿನ ಜಾಲರಿ ಯಾರು ತೋರಿಸಿದ್ರಿ?" ಎಂದು ಕೇಳಿದೆ. "ಎಣ್ಣಿ ಜಿಡ್ಡು ಡಾಂಬರ್ ಆಗೇತಿ ಅಂತ ಪ್ರಸಾದದ ಸಂಗಾಟ ಎಲ್ಲರ ಕೈಗೂ ಕೊಟ್ರಿ. ಅಷ್ಟು ಎಣ್ಣಿ ಹಾಕೋ ಮನಷ್ಯಾ ನಿಮ್ಮ ಪೈಪು ಕುಂತ ಮ್ಯಾಲೇ ಮರತರೇನು?"

ಯಾರೋ ಕೆಮ್ಮಿದರು. ಇನ್ನೊಬ್ಬರು, "ಹೌದ್ರಿ, ನಾನೂ ಕೈಯಾಗ ಹಿಡಿದಿದ್ದೆ, ಧೋತರಕ್ಕ ಕಲೆ ಆಗಿತ್ತು," ಎಂದರು. ಫೋರ್ಮನ್ನರು ಬಸಿ ಕೆಳಗಿಟ್ಟು, ಮತ್ತೆ ಕರ್ತೃವಿಲ್ಲದ ಲೋಕಕ್ಕೆ ಮರಳಿದರು.

"ಹಂಗಿದ್ರ ಪೆಟ್ರೋಲ್ ಕಲಬೆರಕಿ ಆಗೇತಿ. ಈ ಊರಾಗ ಶುದ್ಧ ಪೆಟ್ರೋಲ್ ಎಲ್ಲಿ ಸಿಗತೈತ್ರಿ?"

ತರಗತಿಯಲ್ಲಿ ತಪ್ಪೊಪ್ಪಿಕೊಳ್ಳದ ಹುಡುಗರು ಹೀಗೆಯೇ ಪೆನ್ನು, ಕಾಗದ, ಮಸಿ ಎಂದು ಒಂದೊಂದನ್ನೇ ದೂರುತ್ತಾರೆ. ಆಗ ಪ್ರಯೋಗಾಲಯಕ್ಕೆ ಕರೆದುಕೊಂಡು ಹೋಗಬೇಕು. ಯಂತ್ರ ನಿಂತ ದಿನ ಬೆರೆಸಿದ್ದ ಪೆಟ್ರೋಲು ಭಾವನ ಕ್ಯಾನಿನಲ್ಲಿ ಇನ್ನೂ ಅರ್ಧದಷ್ಟಿತ್ತು. ಅದರ ಮುಚ್ಚಳಕ್ಕೆ ಎಲ್ಲರೆದುರಿಗೇ ದಾರ ಸುತ್ತಿ, ಅಕ್ಕನ ಕೈಗೆ ಕೊಟ್ಟೆ. ಆ ವಾರ ರಾಣಿಗಂಜಿನಿಂದ ಹೊಸ ಸಿಲಿಂಡರು, ಪಿಸ್ಟನ್ನು ತಂದು ಕೂರಿಸಿದೆ. ಸೈಲೆನ್ಸರು ಅದೇ, ಕೊಳವೆ ಅದೇ, ಪೆಟ್ರೋಲೂ ಅದೇ. ಮರುವಾರ ಸಂಘದವರು ಜಮೀನು ನೋಡಲು ಮಣಿಕೊಂಡಕ್ಕೆ ಬಂದಾಗ ಭಾವನ ಕೈಗೆ ಯಂತ್ರ ಕೊಟ್ಟೆ.

ಮೊದಲು ತಿರುಪನ್ನು ಮುಟ್ಟದೆ, ಕಂಪನಿಯವರು ಕೂರಿಸಿದ ಹಾಗೆಯೇ ಹೊತ್ತಿಸಲು ಹೇಳಿದೆ. ಅದೇ ಕೀರಲು. ಕೈ ಬಿಟ್ಟರೂ ಇಳಿಯದ ಅದೇ ಹಟ. ಭಾವ ತಟ್ಟನೆ ಆರಿಸಿ, ಬೆವರು ಒರೆಸಿಕೊಂಡು, "ಅವತ್ತೂ ಹಿಂಗ ಒದರತಿತ್ತು," ಎಂದರು. ಅಷ್ಟು ದಿನಗಳಲ್ಲಿ ಅವರು ತಮ್ಮ ಪರವಾಗಿ ಆಡಿದ ಮೊದಲ ಮಾತು ಅದು.

ಆಮೇಲೆ ತಿರುಪನ್ನು ಸ್ವಲ್ಪ ಬಿಚ್ಚಿದೆ. ಕೇಳಿ ನೋಡಿ, ಇನ್ನೂ ಸ್ವಲ್ಪ ಬಿಚ್ಚಿದೆ. ಸರಿಯಾದ ಮಿಶ್ರಣಕ್ಕೆ ಕಿವಿಯೇ ಸಾಕ್ಷಿ. ಭಾರವಿಲ್ಲದೆ ಪೂರ್ತಿ ಬಿಟ್ಟಾಗ ಇಂಜಿನ್ನು ತುಸು ತೊದಲಬೇಕು, ಮರಕ್ಕೆ ಇಟ್ಟೊಡನೆ ತೊದಲು ಬಿಟ್ಟು ಸ್ಫುಟವಾಗಬೇಕು. ಜೀವನದಲ್ಲಿ ನಾನು ತೊದಲನ್ನು ಕೇಳಿ ಸಮಾಧಾನಪಟ್ಟದ್ದು ಅದೊಂದೇ ಸಲ. ಭಾವ ಹ್ಯಾಂಡಲನ್ನು ಒತ್ತಿ ಹಿಡಿದರು. ಅಂದು ಅರ್ಧಕ್ಕೆ ನಿಂತಿದ್ದ ಅದೇ ಜಾಲಿಯ ಬುಡ ತುಂಡಾಗಿ ಬಿತ್ತು. ಕೈ ಸಡಿಲಿಸಿದಾಗ ಯಂತ್ರ ಹೇಳಿದ ಮಾತು ಕೇಳಿ ಮೆಲ್ಲಗಾಯಿತು. ಅವರು ಇನ್ನೊಂದು ಮರಕ್ಕೆ ಹೋದರು, ಮತ್ತೊಂದಕ್ಕೆ ಹೋದರು. ಕ್ಯಾನು ಬರಿದಾಗುವ ತನಕ ನಿಲ್ಲಿಸಲಿಲ್ಲ. ನಾವು ಕರೆದರೂ ತಿರುಗಿ ನೋಡಲಿಲ್ಲ. ನಿಂತ ಮೇಲೆ ಪ್ಲಗ್ಗು ಬಿಚ್ಚಿ ಸಂಘದವರಿಗೆ ತೋರಿಸಿದೆ. ಹುರಿದ ಕಾಫಿ ಬೀಜದ ಬಣ್ಣ.

ನನಗೆ ಅಷ್ಟು ಸಾಕಿತ್ತು. ಆದರೆ ಫೋರ್ಮನ್ನರು ಎಲ್ಲರಿಗಿಂತ ಮೊದಲು ಮುಂದೆ ಬಂದು, ಆ ಕೊಳವೆಯ ಮೇಲೆ ಬೆರಳಿನಿಂದ ತಟ್ಟಿದರು.

"ನೋಡಿದ್ರಿಲ್ಲೋ? ನಾ ಮೊದಲಿಂದಾ ಹೇಳಾಕತ್ತೀನಿ. ಸೈಲೆನ್ಸರ್‌ದಾಗ ಏನೂ ದೋಷ ಇದ್ದಿಲ್ಲ. ಹುಲಿ ಹುಲೀನ!"

ಸಂಘದವರು ತಲೆದೂಗಿದರು. ಒಬ್ಬರಂತೂ ಅವರ ಬೆನ್ನು ತಟ್ಟಿದರು. ಜಮೀನಿನ ಕೆಲಸ ಭಾವನಲ್ಲೇ ಉಳಿಯಲಿ ಎಂದು ಫೋರ್ಮನ್ನರು ಉದಾರವಾಗಿ ಅಪ್ಪಣೆ ಕೊಟ್ಟು, "ಇನ್ನ ಮ್ಯಾಲ ಎಣ್ಣಿ ನೋಡಿ ಹಾಕ್ರಿ," ಎಂದು ಸೇರಿಸಿದರು. ಅವರು ಹೇಳಿದ್ದರಲ್ಲಿ ಸತ್ಯದ ತುಣುಕೊಂದಿತ್ತು. ಅದೇ ಹೆಚ್ಚು ಕೆರಳಿಸುವಂಥದು. ತೂತಿನಲ್ಲಿ ದೋಷವಿರಲಿಲ್ಲ. ತೂತು ಕೊರೆದೊಡನೆ ಕೆಲಸ ಮುಗಿಯಿತೆಂದು ತಿಳಿದ ತಲೆಯಲ್ಲಿತ್ತು. ಆ ತಲೆ ಡಬ್ಬಿಯಲ್ಲಿ ಹಿಡಿಸುವಂಥದಲ್ಲವಾದ್ದರಿಂದ ಅದನ್ನು ಯಾರೂ ರಿಪೇರಿಗೆ ಕಳಿಸಿರಲಿಲ್ಲ. ಮರಳಿ ಬರುವಾಗ ಸಂಘದವರ ಜೀಪಿನಲ್ಲಿ ಅವರು ಸೈಲೆನ್ಸರುಗಳ ಬಗ್ಗೆ ಉಪನ್ಯಾಸ ಕೊಟ್ಟರು.

ಮನೆಗೆ ಬಂದ ಭಾವ ಹೊಲಿಗೆ ಯಂತ್ರದ ಮುಂದೆ ನಿಂತು ಆ ಖಾಕಿ ಮಡಿಕೆಯನ್ನು ನೋಡಿದರು. "ಇದನ್ನ ಕೊಟ್ಟು ಬಿಡು," ಎಂದರು ಅಕ್ಕನಿಗೆ. ಗೇಟಿನ ಕೆಲಸ ಒಲ್ಲೆ ಎನ್ನಲು ತಮಗೆ ಬಾಯಿ ಬರುವುದಿಲ್ಲವೆಂಬುದು ಆ ದನಿಯಲ್ಲೇ ಇತ್ತು.

"ಕೊಡ್ತೀನಿ ತಗೋರಿ," ಎಂದಳು ಅಕ್ಕ.

ಮರುದಿನ ನಸುಕಿನಲ್ಲಿ ನಾನು ಹಾಲಿಗೆಂದು ಹೋದಾಗ ಅಕ್ಕನ ಅಡುಗೆಮನೆಯಲ್ಲಿ ಒಲೆ ಹೊತ್ತಿರಲಿಲ್ಲ. ರೊಟ್ಟಿ ಬಡಿಯುವ ಸಪ್ಪಳವೂ ಇರಲಿಲ್ಲ. ಆ ನಾಲ್ಕು ಅಂತಸ್ತಿನ ಡಬ್ಬಿ ತೊಳೆದು ಒರೆಸಿ ಕಟ್ಟೆಯ ಮೇಲಿತ್ತು. ಅವಳು ಅದನ್ನು ಎತ್ತಿಕೊಂಡು, ನನ್ನನ್ನೂ ಕರೆಯದೆ, ಸೆರಗು ಸಿಗಿಸಿ ಬಸ್ಸು ನಿಲ್ಲುವಲ್ಲಿಗೆ ನಡೆದಳು. ನಾನು ಹಾಲಿನ ಪಾತ್ರೆ ಹಿಡಿದೇ ಹಿಂದೆ ಹೋದೆ.

"ಬುತ್ತಿರಿ, ಅಣ್ಣಾರ," ಎಂದಳು ಫೋರ್ಮನ್ನರಿಗೆ. "ಭಾಳ ದಿನ ಆತು, ನನ್ನ ಕೈ ರೊಟ್ಟಿ ಬಿಟ್ಟು. ಗೇಟಿನ್ಯಾಗ ತೋರಿಸಿ ಒಯ್ರಿ."

"ಅಯ್ಯ, ಯಾಕ ಇಷ್ಟು ತ್ರಾಸ ತಗೊಂಡ್ರಿ ತಂಗಿ," ಎನ್ನುತ್ತ ಅವರು ಸಂತೋಷದಿಂದ ಡಬ್ಬಿ ಹಿಡಿದು ಬಸ್ಸು ಹತ್ತಿದರು. ಭಾರವನ್ನು ತೂಗಿ ನೋಡಿದರೆಂದೂ ನನಗೆ ನೆನಪಿದೆ. ಬಸ್ಸು ಹೋದ ಮೇಲೆ ಅಕ್ಕ ತಿರುಗಿದಳು. ಏನು ಕಟ್ಟಿದೆ ಎಂದು ಕೇಳಿದೆ. ಅವಳು ಮನೆಗೆ ಬಂದು ಒಲೆ ಹೊತ್ತಿಸಿದಳು.

ಮುಂದಿನದನ್ನು ಆ ಸಂಜೆ ಬಸ್ಸಿನಿಂದ ಇಳಿದವರೆಲ್ಲ ಹೇಳಿದರು. ಗೇಟಿನಲ್ಲಿ ಕಾವಲುಗಾರ ಎಂದಿನಂತೆ ಡಬ್ಬಿಯ ಮೇಲಿನ ಅಂತಸ್ತನ್ನು ತೆರೆದಿದ್ದಾನೆ. ಚಟ್ನಿಯ ಜಾಗದಲ್ಲಿ ಸೀಟಿ ಕುಳಿತಿದೆ. ಅಷ್ಟು ವರ್ಷಗಳಲ್ಲಿ ಮೊದಲ ಸಲ ಅವನಿಗೆ ಕೆಳಗಿನವುಗಳನ್ನೂ ತೆರೆಯಬೇಕೆನಿಸಿದೆ. ಪಲ್ಯದ ಅಂತಸ್ತು ಖಾಲಿ. ರೊಟ್ಟಿಯ ಅಂತಸ್ತಿನಲ್ಲಿ ಇಸ್ತ್ರಿ ಮುರಿಯದಂತೆ ಒತ್ತಿ ಮಡಚಿದ ಖಾಕಿ ಅಂಗಿ. ಸೈಲೆನ್ಸರು ಹೋಗಿಬಂದ ತಳದ ಅಂತಸ್ತಿನಲ್ಲಿ ಪ್ಯಾಂಟು. ಪಾಳಿಗೆ ಬಂದವರೆಲ್ಲ ಸಾಲಿನಲ್ಲಿ ನಿಂತು ನೋಡಿದರಂತೆ. ಫೋರ್ಮನ್ನರು ಆ ಮಧ್ಯಾಹ್ನ ಕ್ಯಾಂಟೀನಿನಲ್ಲಿ ಉಂಡರಂತೆ. ಭಾವ ಆ ಹೊತ್ತಿಗೆ ಮಣಿಕೊಂಡದ ಜಾಲಿಗಳ ನಡುವೆ ಇದ್ದರು. ಯಂತ್ರವನ್ನು ಕೆಡಿಸಿದ್ದು ಯಾರು, ಗೇಟಿನಲ್ಲಿ ನಿಲ್ಲಬೇಕಾದವರು ಯಾರು ಎಂಬ ಚರ್ಚೆ ನಮ್ಮ ಓಣಿಯಲ್ಲಿ ಮತ್ತೆ ಏಳಲಿಲ್ಲ. ಅದು ಮುಗಿದದ್ದು 2003ನೆಯ ಇಸವಿಯ ಡಿಸೆಂಬರ್ 15, ಸೋಮವಾರ.